ಗುರುವಾರದವರು

ಸ್ಟೇಷನ್ ರಸ್ತೆಯ ಬಿದಿರು ಡಿಪೋದಲ್ಲಿ ಮೊನ್ನೆ ಬೆಳಿಗ್ಗೆ ಹೊಸ ಲೋಡು ಇಳಿಸುತ್ತಿದ್ದರು. ಒಬ್ಬ ಮಚ್ಚು ಹಿಡಿದು ಗೆಣ್ಣು ಸವರುತ್ತಿದ್ದ. ಹಸಿ ಬಿದಿರು ಸೀಳಿದಾಗ ಒಂದು ವಾಸನೆ ಬರುತ್ತದೆ, ಕಬ್ಬಿನ ಸಿಪ್ಪೆಯಂಥದ್ದು, ಆದರೆ ಸಿಹಿಯಿಲ್ಲದ್ದು. ರೈಲಿಗೆ ಮೂರೇ ನಿಮಿಷ ಇತ್ತು. ದಿನಾ ಆ ಅಂಗಡಿಯ ಮುಂದೆ ಓಡಿ ಹೋಗುವವನು ಅವತ್ತು ನಿಂತುಬಿಟ್ಟೆ. ಅಂಗಡಿಯವನು, "ಏಣಿಗಾ ಸಾರ್, ಪೆಂಡಾಲಿಗಾ?" ಎಂದು ಕೇಳಿದ. ಬಿದಿರು ಮೂರನೆಯ ಒಂದು ಕೆಲಸಕ್ಕೂ ಬೇಕಾಗುತ್ತದೆ. ಅದನ್ನು ಯಾವ ಅಂಗಡಿಯವನೂ ಬಾಯಿಬಿಟ್ಟು ಕೇಳುವುದಿಲ್ಲ. ಏನೂ ಬೇಡವೆಂದು ತಲೆಯಾಡಿಸಿ ಓಡಿದೆ. ರೈಲು ಸಿಕ್ಕಿತು. ಯಲಹಂಕ ದಾಟಿದರೂ ಆ ವಾಸನೆ ಮೂಗಿನಿಂದ ಹೋಗಿರಲಿಲ್ಲ. ನಮ್ಮ ಬೀದಿಯ ಪಿಳ್ಳಮ್ಮಜ್ಜಿ ತೀರಿಕೊಂಡ ವರ್ಷ ಪೂರ್ತಿ ಕಣ್ಣ ಮುಂದೆ ಬಂದು ಕೂತಿತು.

ನಮ್ಮದು ದೊಡ್ಡಬಳ್ಳಾಪುರದ ಅಂಚು, ರೈಲು ಹಳಿಯ ಪಕ್ಕದ ಕೆರೆಕೋಡಿ ಬೀದಿ. ಬೀದಿ ಮುಗಿಯುವ ಕಡೆ ಒಂದು ಲೇಔಟ್ ಆಗಿದೆ. ಅದರ ಬೋರ್ಡಿನ ಮೇಲೆ "ಹಳ್ಳಿಯ ವಾತಾವರಣ, ಬೆಂಗಳೂರಿಗೆ ಒಂದೇ ಗಂಟೆ" ಎಂದು ದೊಡ್ಡದಾಗಿ ಬರೆಸಿದ್ದಾರೆ. ಸುಳ್ಳೇನೂ ಅಲ್ಲ. ಬೆಳಗಾದರೆ ಡೈರಿಯ ಮುಂದೆ ಹಾಲಿನ ಕ್ಯಾನಿನ ಸದ್ದು, ಸುಗ್ಗಿಯಲ್ಲಿ ಟಾರು ರಸ್ತೆಯ ಮೇಲೇ ರಾಗಿ ಕಣ, ಕಾರುಗಳು ಅದರ ಮೇಲೇ ಹಾದು ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಅವರೆಕಾಯಿ ಕಾಲದಲ್ಲಿ ಪ್ರತಿ ಜಗಲಿಯ ಮೇಲೂ ಸಿಪ್ಪೆಯ ಗುಡ್ಡೆ. ಬೋರ್ಡು ಹೇಳದೆ ಬಿಟ್ಟಿರುವುದು ಒಂದೇ ಮಾತು. ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೆ ಈ ವಾತಾವರಣದಲ್ಲಿ ಗಂಡಸರು ಇರುವುದಿಲ್ಲ.

ಪ್ಯಾಸೆಂಜರ್ ರೈಲಿಗೆ ಅರ್ಧ ಬೀದಿ ಹೋಗುತ್ತದೆ. ಉಳಿದ ಅರ್ಧ ಏರ್‌ಪೋರ್ಟ್ ಕಡೆಯ ಬಸ್ಸಿಗೆ, ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ವ್ಯಾನಿಗೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ವ್ಯಾನು ಅದಕ್ಕೂ ಮುಂಚೆ. ಆಮೇಲೆ ಉಳಿಯುವವರು ಮುದುಕರು, ಮನೆವಾರ್ತೆಯ ಹೆಂಗಸರು, ರಾತ್ರಿ ಪಾಳಿ ಮುಗಿಸಿ ಬಾಗಿಲು ಹಾಕಿ ಮಲಗಿರುವ ಬಾಡಿಗೆಯ ಮಗ್ಗದ ಹುಡುಗರು, ನಾಯಿಗಳು. ಸಂಜೆ ಕತ್ತಲಾದ ಮೇಲೆ ರೈಲು ಮತ್ತೆ ಎಲ್ಲರನ್ನೂ ತಂದು ಸುರಿಯುತ್ತದೆ. ಆಗ ಬೀದಿ ಮತ್ತೆ ಊರಾಗುತ್ತದೆ.

ನಾನೂ ಆ ರೈಲಿನವನೇ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಚಾರ್ಟ್ ಹಾಕುವುದು ನನ್ನ ಕೆಲಸ. ಯಾವ ನರ್ಸು ಯಾವ ವಾರ್ಡಿಗೆ, ಯಾವ ಆಯಾ ಯಾವ ಪಾಳಿಗೆ, ಯಾರು ಬಾರದಿದ್ದರೆ ಬದಲಿ ಯಾರು, ಎಲ್ಲಾ ನನ್ನ ಕಂಪ್ಯೂಟರಿನಲ್ಲಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವರೇ ಕಡಿಮೆ. ನಾನು ಬಿ.ಕಾಂ. ಮುಗಿಸಿದೆ. ಒಂದು ವಿಷಯದಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿ ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಲಭಕ್ಕೆ ಬಂದಿದ್ದರೆ ಇಷ್ಟು ಸಲ ಹೇಳುತ್ತಲೂ ಇರಲಿಲ್ಲ.

ಆ ಡಿಗ್ರಿಯಲ್ಲಿ ಪಿಳ್ಳಮ್ಮಜ್ಜಿಯ ಪಾಲಿದೆ. ನಮ್ಮಪ್ಪ ಮಗ್ಗದ ಕೆಲಸಗಾರ. ಮಗ್ಗದ ಶೆಡ್ಡಿಗೂ ನಮ್ಮ ಮನೆಗೂ ಒಂದೇ ಗೋಡೆ. ಆ ಗೋಡೆ ಹಗಲೂ ರಾತ್ರಿ ನಡುಗುತ್ತಿತ್ತು. ಪುಸ್ತಕ ಹಿಡಿದು ಕೂತರೆ ಅಕ್ಷರಗಳೂ ನಡುಗುತ್ತಿದ್ದವು. ಅಪ್ಪ ತೀರಿಕೊಂಡ ವರ್ಷ ಅಜ್ಜಿಯೇ ಬಂದು, "ಬಾರ್ಲಾ ರಾಮಾಂಜಿ, ನಮ್ಮ ಜಗಲೀಲಿ ಓದ್ಕೋ, ಬಲ್ಬು ಐತೆ" ಎಂದು ಕರೆದುಕೊಂಡು ಹೋದಳು. ಮೂರು ವರ್ಷ ಅವಳ ಜಗಲಿಯ ಮೇಲೆ ಓದಿದೆ. ನಾನು ಓದುವಷ್ಟು ಹೊತ್ತು ಅವಳು ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿರುತ್ತಿದ್ದಳು. "ಇನ್ನೂ ಮುಗೀಲಿಲ್ವೇನ್ಲಾ ಆ ಪುಸ್ತಕ? ಎಷ್ಟಗಲ ಇದ್ದಾತು ಅದು?" ಎಂದು ರೇಗಿಸುತ್ತಿದ್ದಳು. ರಿಸಲ್ಟ್ ಬಂದ ದಿನ ಸಿಹಿ ಕೊಡಲು ಹೋದರೆ, ನನ್ನ ಹೆಗಲು ಮುಟ್ಟಿ ನೋಡಿ, "ಇನ್ನೊಸಿ ಗಟ್ಟಿ ಆಗ್ಬೇಕು. ನನ್ನ ಹೊರೋನು ನೀನು. ಓದಿರೋ ಹೆಗಲ ಮೇಲೆ ಹೋಗ್ತೀನಿ ಅಂದ್ರೆ ಸುಮ್ನೇನಾ" ಅಂದಳು. ನಗು ಬಂತು. ಆಗ ಅವಳಿಗೆ ಅಂಥ ವಯಸ್ಸೂ ಆಗಿರಲಿಲ್ಲ.

ನಮ್ಮ ಕಡೆ ಮದುವೆಗೆ ಕರೆಯುತ್ತಾರೆ, ಸಾವಿಗೆ ಕರೆಯುವುದಿಲ್ಲ. ಮನೆಯಲ್ಲಿ ಯಾರಾದರೂ ಹೋದರೆ ಬಾಗಿಲ ಮುಂದೆ ಎರಡು ಕೊರಡು ಇಟ್ಟು ಬೆಂಕಿ ಹಾಕುತ್ತಾರೆ. ಹೊಗೆ ಎದ್ದರೆ ಸಾಕು, ಬೀದಿಗೆ ಗೊತ್ತಾಗುತ್ತದೆ. ಒಲೆಯ ಮೇಲಿಟ್ಟದ್ದನ್ನು ಇಳಿಸಿ ಜನ ಬರುತ್ತಾರೆ. ಒಬ್ಬ ಬಿದಿರಿಗೆ ಹೋಗುತ್ತಾನೆ, ಇಬ್ಬರು ಗುಣಿ ತೋಡಲು. ಯಾರೂ ಯಾರನ್ನೂ "ಬರ್ತೀಯಾ" ಎಂದು ಕೇಳುವುದಿಲ್ಲ. ಕೇಳಿಸಿಕೊಳ್ಳುವುದೇ ಅವಮಾನ. ನಮ್ಮಪ್ಪನನ್ನು ಎತ್ತಿದಾಗ ಹೆಗಲು ಬದಲಿಸಲು ಜನ ನೂಕಾಡುತ್ತಿದ್ದರು. ರೈಲ್ವೆ ಗೇಟು ದಾಟುವಷ್ಟರಲ್ಲಿ ಹತ್ತು ಕೈ ಬದಲಾಗಿದ್ದವು.

ಮಣ್ಣು ಮಾಡುವ ಜಾಗ ಹಳಿಯ ಆಚೆ, ಕೆರೆ ಏರಿಯ ಕೆಳಗೆ. ಹೋಗುವಾಗ ಚಟ್ಟವನ್ನು ಎಲ್ಲೆಂದರಲ್ಲಿ ಇಳಿಸುವ ಹಾಗಿಲ್ಲ. ಏರಿ ಶುರುವಾಗುವ ಕಡೆ ಒಂದು ಕಲ್ಲಿದೆ. ಅಲ್ಲಿ ಮಾತ್ರ ಒಮ್ಮೆ ಇಳಿಸಿ, ತಲೆಯ ದಿಕ್ಕು ತಿರುಗಿಸಿ, ಮತ್ತೆ ಎತ್ತಬೇಕು. ಅದಕ್ಕೂ ಮುಂಚೆ ಹೆಣ ನೆಲ ಮುಟ್ಟಿದರೆ, ಹೋದವರು ಮನಸ್ಸಿಲ್ಲದೆ ಹೋದ ಹಾಗೆ ಎಂದು ನಂಬಿಕೆ.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಮಳೆ ಬರುವ ಹಾಗೆ ಮಾಡಿ ಬಾರದೆ, ಶೀಟಿನ ಮನೆಗಳ ಮೇಲೆ ಧೂಳು ಸುರಿಯುತ್ತಿತ್ತು. ಒಂದು ಮಂಗಳವಾರ, ಅಪ್ಪನ ಜೊತೆ ಮಗ್ಗದಲ್ಲಿದ್ದ ಹನುಮಂತರಾಯಪ್ಪ ಹೋದ. ಬೆಳಿಗ್ಗೆ ಒಂಬತ್ತೂವರೆಗೆ. ರೈಲು ಹೋಗಿತ್ತು, ಬಸ್ಸು ಹೋಗಿತ್ತು, ವ್ಯಾನುಗಳೆಲ್ಲಾ ಹೋಗಿದ್ದವು. ಹೊಗೆ ಎದ್ದಿತು, ನೋಡಲು ಜನ ಇರಲಿಲ್ಲ. ಮನೆಯ ಮೂವರು ಗಂಡಸರು ಹೆಗಲು ಕೊಟ್ಟರು. ನಾಲ್ಕನೆಯವನಾಗಿ, ಪಕ್ಕದ ರೂಮಿನಲ್ಲಿ ಬಾಡಿಗೆಗಿದ್ದ ಒಡಿಶಾದ ಮಗ್ಗದ ಹುಡುಗ ನಿದ್ದೆಯಿಂದ ಎದ್ದು ಬಂದು ನಿಂತ. ಯಾರೂ ಕರೆದಿರಲಿಲ್ಲ. ಬದಲಿ ಕೊಡಲು ಒಬ್ಬರೂ ಇಲ್ಲ. ಗೇಟಿನ ಹತ್ತಿರ ಹನುಮಂತರಾಯಪ್ಪನ ತಮ್ಮನಿಗೆ ಎದೆ ಹಿಡಿದ ಹಾಗಾಯಿತು. ಚಟ್ಟವನ್ನು ರಸ್ತೆಯ ಮೇಲೆ ಇಳಿಸಿದರು. ಹಿಂದೆ ಒಂದು ಕಾರಿನವನು ಹಾರ್ನ್ ಮಾಡಿದನಂತೆ.

ಇದನ್ನೆಲ್ಲಾ ಸಂಜೆ ರೈಲಿಳಿದು ಬಂದಾಗ ಅಮ್ಮ ಹೇಳಿದಳು. ಪಿಳ್ಳಮ್ಮಜ್ಜಿಯನ್ನು ನೋಡಲು ಹೋದೆ. ಅವಳು ಹಸುವಿಗೆ ಹುಲ್ಲು ಹಾಕುವುದನ್ನೂ ಬಿಟ್ಟು ಜಗಲಿಯ ಮೇಲೆ ಕೂತಿದ್ದಳು.

"ರೋಡಲ್ಲಿ ಇಳಿಸ್ಬಿಟ್ರು ಕಣ್ಲಾ ಹನುಮಂತ್ರಾಯನ್ನ. ಪೆಟ್ರೋಲು ವಾಸ್ನೇಲಿ."

"ಏನ್ ಮಾಡೋದಜ್ಜಿ, ಜನ ಇರ್ಲಿಲ್ಲ."

"ಜನ ಇದ್ರು. ಬ್ಯಾರೆ ಕಡೆ ಇದ್ರು." ನನ್ನ ಕಡೆ ತಿರುಗಿ, "ನನ್ನ ಮಾತ್ರ ದಾರೀಲಿ ಇಳಿಸ್ಬ್ಯಾಡ್ರಪ್ಪ. ಇನ್ನೇನೂ ಕೇಳಕಿಲ್ಲ ನಾನು. ತಿಥಿ ಊಟಕ್ಕೆ ಪಾಯಸ ಹಾಕ್ದಿದ್ರೂ ಚಿಂತೆಯಿಲ್ಲ" ಅಂದಳು.

ಅವಳ ಮಗ ಮುನಿರಾಜು ಏರ್‌ಪೋರ್ಟ್ ಕಡೆ ಸರಕಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಸೊಸೆ ಒಳ್ಳೆಯವಳು. ಮನೆಯಲ್ಲಿ ಕೊರತೆ ಇರಲಿಲ್ಲ. ಅವಳಿಗಿದ್ದದ್ದು ಈ ಒಂದು ಹೆದರಿಕೆ, ವಾರದ ನಡುವೆ ಸಾಯುವ ಹೆದರಿಕೆ. ನನಗೆ ಅವತ್ತೇ ಒಂದು ಯೋಚನೆ ಹೊಳೆಯಿತು.

ಭಾನುವಾರ ಬೆಳಿಗ್ಗೆ ರೈಲಿಗೆ ಮುಂಚೆ, ಹಾಲು ಹಾಕಿ ಎಲ್ಲರೂ ಡೈರಿಯ ಕಟ್ಟೆಯ ಮೇಲೆ ಕೂತಿದ್ದಾಗ ಹೇಳಿದೆ. ನಮ್ಮ ಬೀದಿಯಲ್ಲಿ ಹೊರಬಲ್ಲ ಗಂಡಸರು ಮೂವತ್ತೈದು ಜನ. ಒಬ್ಬೊಬ್ಬರದು ಒಂದೊಂದು ಪಾಳಿ, ವಾರದ ರಜೆಯೂ ಒಬ್ಬೊಬ್ಬರಿಗೆ ಒಂದೊಂದು ದಿನ. ದಿನಕ್ಕೆ ಐದು ಜನರಂತೆ ಹಂಚಿಬಿಟ್ಟರೆ, ಯಾವ ದಿನ ಯಾರು ಹೋದರೂ ನಾಲ್ಕು ಹೆಗಲು ಗ್ಯಾರಂಟಿ, ಒಬ್ಬ ಬದಲಿ.

ಬಾಟಲಿ ಫ್ಯಾಕ್ಟರಿಯ ನಾಗೇಶ ಜೋರಾಗಿ ನಕ್ಕ. ಅವನು ನನ್ನ ಜೊತೆ ಏಳನೆಯ ಕ್ಲಾಸಿನವರೆಗೆ ಓದಿದವನು, ಬೀದಿಗೇ ಎತ್ತರದ ಆಳು. "ಏನ್ ಗುರು, ಹೆಣ ಹೊರೋಕೂ ಶಿಫ್ಟಾ? ಓವರ್‌ಟೈಮ್ ಕೊಡ್ತೀಯಾ?"

"ನಗ್ಬೇಡ ಕಣೋ. ನಾಳೆ ನಿಮ್ಮಪ್ಪಂಗೂ ಬೇಕಾಗತ್ತೆ."

ಅವನ ನಗು ನಿಂತಿತು. ಡೈರಿ ಸೆಕ್ರೆಟರಿ, "ಓದ್ದೋನು ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪ, ತಲೆ ಐತೆ" ಎಂದ. ಆ ಮಾತು ನನಗೆ ಎಷ್ಟು ಇಷ್ಟವಾಯಿತೆಂದರೆ, ಈಗಲೂ ಅದೇ ದನಿಯಲ್ಲಿ ಕಿವಿಯಲ್ಲಿದೆ.

ಅಮ್ಮನಿಗೆ ಮಾತ್ರ ಸರಿಬರಲಿಲ್ಲ. "ಹೊಗೆ ನೋಡಿ ಬರೋರಿಗೆ ಚೀಟಿ ಯಾಕೋ?" ಅಂದಳು.

"ಹೊಗೆ ನೋಡೋರು ಎಲ್ಲಿದಾರಮ್ಮ? ಎಲ್ಲಾ ಊರಾಚೆ ಇದಾರೆ."

"ಅದೂ ನಿಜವೇ" ಎಂದು ಒಳಗೆ ಹೋದಳು.

ಆಸ್ಪತ್ರೆಯ ಚಾರ್ಟಿನ ಮಾದರಿಯಲ್ಲೇ ಮಾಡಿದೆ. ಮೇಲೆ ವಾರದ ಏಳು ದಿನ, ಕೆಳಗೆ ಹೆಸರು, ಪಕ್ಕದಲ್ಲಿ ಫೋನ್ ನಂಬರ್. ಎರಡು ಬಣ್ಣ. ಲ್ಯಾಮಿನೇಷನ್ ಮಾಡಿಸಿ ಡೈರಿಯ ಗೋಡೆಗೆ ಅಂಟಿಸಿದೆ. ಅದರ ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೂ ಹಾಕಿದೆ. ನನಗೆ ಆಸ್ಪತ್ರೆಯಲ್ಲಿ ಬುಧವಾರ ರಜೆ, ಅದಕ್ಕೆ ನನ್ನ ಹೆಸರು ಬುಧವಾರದಲ್ಲಿ. ಒಡಿಶಾದ ಹುಡುಗನ ಹೆಸರು ಹಾಕಲಿಲ್ಲ. ಅವನ ಹೆಸರೇ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಬಾಡಿಗೆಯವನು, ಇವತ್ತು ಇದ್ದು ನಾಳೆ ಹೋಗುವವನು ಅಂದುಕೊಂಡೆ.

ಪಿಳ್ಳಮ್ಮಜ್ಜಿಗೆ ಓದು ಬಾರದು. ಹಾಲು ಹಾಕಲು ಬಂದಾಗಲೆಲ್ಲಾ ಗೋಡೆಯ ಮುಂದೆ ನಿಂತು, ಯಾರು ಸಿಕ್ಕರೆ ಅವರಿಂದ ಓದಿಸಿಕೊಳ್ಳುತ್ತಿದ್ದಳು. ನಾನು ಸಿಕ್ಕರಂತೂ ಬಿಡುತ್ತಲೇ ಇರಲಿಲ್ಲ.

"ಗುರುವಾರ ಯಾರ್ಯಾರು?"

ಹೇಳಿದೆ. ನಾಗೇಶ, ಡೈರಿ ಹಿಂದಿನ ಮನೆಯ ಅಣ್ಣತಮ್ಮಂದಿರಿಬ್ಬರು, ಪೇಂಟರ್ ಗಿರೀಶ, ಕೊರಿಯರ್ ಆಫೀಸಿನ ಲೋಕೇಶ.

ಅವಳು ಮುಖ ಸಿಂಡರಿಸಿದಳು. "ಥೂ, ಅದು ಬ್ಯಾಡ. ನಾಗೇಶ ತೆಂಗಿನ ಮರ, ಗಿರೀಶ ಗುದ್ದಲಿ ಕಾವು. ಜಾರ್ಕೊಂಡು ಬಿದ್ದೋಯ್ತೀನಿ ಅಷ್ಟೆ. ಸೋಮವಾರದೋರು ಎಂಗವ್ರೆ?"

"ಸೋಮವಾರದೋರು ಒಂದೇ ಸಮ ಇದಾರಜ್ಜಿ."

"ಹಂಗಾದ್ರೆ ಸೋಮವಾರ ಸಾಯ್ತೀನಿ ಬಿಡು."

ಕ್ಯೂನಲ್ಲಿದ್ದವರೆಲ್ಲಾ ನಕ್ಕರು. ಅವಳೂ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಗುರವಾಗಿದ್ದಳು. ಆ ನಗು ನನ್ನ ಚಾರ್ಟಿನಿಂದ ಬಂದದ್ದು ಎಂದು ನನಗೆ ಹೆಮ್ಮೆ. ಅದೇ ಗುಂಗಿನಲ್ಲಿ ಅವಳ ಕೈ ಹಿಡಿದು, "ಯಾವ ದಿನ ಆದ್ರೂ ನನ್ನ ಹೆಗಲು ಇದ್ದೇ ಇರತ್ತೆ. ಚಾರ್ಟು ಬೇರೆ, ನಾನು ಬೇರೆ" ಎಂದೆ.

"ಹೂಂ ಕಣ್ಲಾ, ಗೊತ್ತು" ಅಂದಳು.

ಶ್ರಾವಣದಲ್ಲಿ ಮೇಲಿನ ಮನೆಯ ಒಬ್ಬ ಮುದುಕ ಭಾನುವಾರ ಹೋದ. ಹಬ್ಬದ ರಜೆಗೆ ಎಲ್ಲರೂ ಮನೆಯಲ್ಲಿದ್ದ ದಿನ. ಆದರೂ ಒಂದು ಸಣ್ಣ ವ್ಯತ್ಯಾಸ ಕಂಡಿತು. ಭಾನುವಾರದ ಐದು ಜನ ಮುಂದೆ ಬಂದರು, ಉಳಿದವರು ಕೈಕಟ್ಟಿಕೊಂಡು ದೂರದಲ್ಲಿ ನಿಂತರು. ಯಾರೂ ನೂಕಾಡಲಿಲ್ಲ. ಎಷ್ಟು ಶಿಸ್ತಾಗಿ ಆಯಿತು ಎಂದು ನಾನು ಅಂದುಕೊಂಡೆ. ಶಿಸ್ತು ಅಂದುಕೊಂಡ ಆ ಕೈಕಟ್ಟು ಏನು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ದೀಪಾವಳಿ ಕಳೆದು ಚಳಿ ಹಿಡಿಯಿತು. ಕಾರ್ತಿಕದ ಕೊನೆಗೆ ಅಜ್ಜಿ ಮಲಗಿದಳು. ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಹಸುವನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. ಪ್ರತಿ ಬುಧವಾರ ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಕೈಗೆ ಸಿಕ್ಕಷ್ಟು ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದಳು. ಆಮೇಲಾಮೇಲೆ ಕಾಯಿ ಸುಮ್ಮನೆ ಕೈಯಲ್ಲಿ ಹಿಡಿದಿರುತ್ತಿದ್ದಳು. ಸೊಗಡು ಅಂಟಿದ ಬೆರಳನ್ನು ಮೂಸಿಕೊಂಡು ನಗುತ್ತಿದ್ದಳು.

ಕೊನೆಯ ಬುಧವಾರ ಅವಳು ಕೇಳಿದ್ದು ಒಂದೇ ಮಾತು. "ನಾಳೆ ಯಾರ್ದು?"

"ಗುರುವಾರದವರದು."

"ಅಯ್, ಅವ್ರಾ. ಬ್ಯಾಡ ಕಣಪ್ಪ. ಸೋಮವಾರದ ಗಂಟ ತಡ್ಕೊತೀನಿ."

ತಡೆದುಕೊಳ್ಳಲು ಅವಳಿಗೆ ಆಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ದಟ್ಟ ಮಂಜು. ನಮ್ಮ ಬೀದಿ ಹಳಿಯ ಆಚೆಗೆ ನೇರ ಕಾಣುತ್ತದೆ, ಅಜ್ಜಿಯ ಮನೆ ಈ ತುದಿಯದು. ಮಂಜು ನೆಲ ಹಿಡಿದು ಮಲಗಿರುತ್ತದೆ, ಹೊಗೆ ನೆಟ್ಟಗೆ ಏಳುತ್ತದೆ. ಎರಡಕ್ಕೂ ವ್ಯತ್ಯಾಸ ತಿಳಿಯದವರು ಯಾರೂ ಅಲ್ಲಿರಲಿಲ್ಲ. ನಮ್ಮ ಬೀದಿಯ ಹದಿನೈದು ಇಪ್ಪತ್ತು ಜನ ಇದ್ದೆವು. ಎಲ್ಲರೂ ನೋಡಿದೆವು. ಒಬ್ಬ ಟೋಪಿ ತೆಗೆದ. ಇನ್ನೊಬ್ಬ ಫೋನ್ ತೆಗೆದು ಚಾರ್ಟಿನ ಫೋಟೋ ದೊಡ್ಡದು ಮಾಡಿದ.

"ಇವತ್ತು ಗುರುವಾರ ಅಲ್ವಾ?"

"ಹೂಂ. ನಾಗೇಶನ ಟೀಮು."

"ಸರಿ ಬಿಡು ಹಂಗಾದ್ರೆ. ಪಾಪ, ಒಳ್ಳೆ ಅಜ್ಜಿ."

ರೈಲು ಬಂತು. ಮೆಟ್ಟಿಲಿಳಿದು ಹಳಿ ದಾಟಿದರೆ ಅವಳ ಮನೆಗೆ ಮೂರು ನಿಮಿಷದ ದಾರಿ. ನಾನು ರೈಲು ಹತ್ತಿದೆ. ಅವತ್ತು ಆಸ್ಪತ್ರೆಯಲ್ಲಿ ತಪಾಸಣೆ ಇತ್ತು, ಚಾರ್ಟಿನ ಫೈಲು ನನ್ನ ಹತ್ತಿರ ಇತ್ತು. ಅದೆಲ್ಲಾ ಇದ್ದದ್ದು ನಿಜ, ಆದರೆ ನಾನು ಹತ್ತಿದ್ದು ಅದಕ್ಕಲ್ಲ. ಹತ್ತುವಾಗ ಮನಸ್ಸಿನಲ್ಲಿ ದುಃಖ ಇತ್ತು, ಅದರ ಕೆಳಗೆ ಒಂದು ಸಣ್ಣ ಸಮಾಧಾನವೂ ಇತ್ತು. ಚಾರ್ಟು ಕೆಲಸ ಮಾಡುತ್ತದೆ, ಅಜ್ಜಿಗೆ ನಾಲ್ಕು ಹೆಗಲು ಇದೆ, ಅದನ್ನು ಮಾಡಿಟ್ಟವನು ನಾನು.

ಹತ್ತೂವರೆಗೆ ಮುನಿರಾಜು ಫೋನ್ ಮಾಡಿದ.

"ರಾಮಾಂಜಿ, ಜನ ಇಲ್ಲ ಕಣೋ."

"ಗುರುವಾರದೋರು?"

"ನಾಗೇಶ ಒಬ್ನೇ ಇರೋದು. ಅಣ್ಣತಮ್ಮ ಇಬ್ರೂ ಮಾಲೆ ಹಾಕವ್ರೆ, ಹೆಣದ ಹತ್ರ ಬರಂಗಿಲ್ಲ. ಗಿರೀಶನ ಹೆಂಡ್ತಿ ಬಸುರಿ. ಲೋಕೇಶನ್ನ ಹೊಸೂರಿಗೆ ಹಾಕವ್ರಂತೆ ಹೋದ ವಾರ." ದನಿ ತಗ್ಗಿಸಿದ. "ಕರೆಯೋ ಹಂಗಾಯ್ತಲ್ಲೋ. ನಮ್ಮವ್ವನ ಸಾವಿಗೆ ಫೋನ್ ಮಾಡಿ ಕರೆಯೋ ಹಂಗಾಯ್ತಲ್ಲ."

ಶಬರಿಮಲೆಗೆ ಮಾಲೆ ಹಾಕಿದವರು ಸಾವಿನ ಮನೆಗೆ ಹೋಗುವುದಿಲ್ಲ. ಹೆಂಡತಿ ಬಸುರಿಯಾದರೆ ಗಂಡ ಚಟ್ಟಕ್ಕೆ ಹೆಗಲು ಕೊಡುವುದಿಲ್ಲ. ಇದು ನಮ್ಮ ಬೀದಿಯ ಮಗುವಿಗೂ ಗೊತ್ತು, ನನಗೂ ಗೊತ್ತು. ಆಸ್ಪತ್ರೆಯ ಚಾರ್ಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಅದಕ್ಕೆ ನನ್ನದರಲ್ಲೂ ಇರಲಿಲ್ಲ. ಹಿಂದೆ ಇದೇನೂ ತೊಂದರೆಯಾಗುತ್ತಿರಲಿಲ್ಲ. ಬರಬಾರದವನು ದೂರ ನಿಲ್ಲುತ್ತಿದ್ದ, ಬರಬಹುದಾದ ಇನ್ನೊಬ್ಬ ತಾನಾಗಿ ಬರುತ್ತಿದ್ದ.

ಬದಲಿ ಹುಡುಕುವುದು ನನ್ನ ದಿನದ ಕೆಲಸ. ಕೂತಲ್ಲೇ ಶುರು ಮಾಡಿದೆ. ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಬುಧವಾರದವನು, "ನಿನ್ನೇನೇ ರಜಾ ಮುಗೀತಲ್ಲ ಗುರು" ಎಂದ. ಶನಿವಾರದವನು, "ಇವತ್ತು ನಮ್ದಲ್ವಲ್ಲ" ಎಂದ. ಒಬ್ಬ, "ಗುಂಪಲ್ಲಿ ಮೆಸೇಜ್ ಹಾಕಿದೀನಿ ನೋಡು" ಎಂದ. ನೋಡಿದೆ. ಗುಂಪಿನ ತುಂಬಾ ಕೈಮುಗಿದ ಚಿತ್ರಗಳು, ಒಂದರ ಕೆಳಗೆ ಒಂದು, ಮೂವತ್ತಕ್ಕೆ ಕಡಿಮೆಯಿರಲಿಲ್ಲ. ಯಾರೂ ಕೆಟ್ಟವರಲ್ಲ. ಚಾರ್ಟು ಇಲ್ಲದಿದ್ದರೆ ಅವರಲ್ಲಿ ಐದಾರು ಜನರಾದರೂ ಆ ಹೊಗೆ ನೋಡಿ ಪ್ಲಾಟ್‌ಫಾರಂನಿಂದಲೇ ವಾಪಸು ಹೋಗುತ್ತಿದ್ದರು. ನಾನು ಹೋಗುತ್ತಿದ್ದೆ. ನಿಮ್ಮ ದಿನ ಇದು ಎಂದು ಐದು ಜನರಿಗೆ ಬರೆದುಕೊಟ್ಟಾಗ, ಉಳಿದ ಮೂವತ್ತು ಜನರಿಗೆ ನಿಮ್ಮ ದಿನ ಇದಲ್ಲ ಎಂದೂ ಬರೆದುಕೊಟ್ಟಿದ್ದೆ.

ನಾನೇ ಬದಲಿ ಎಂಬುದು ಹೊಳೆಯಲು ಒಂದೂವರೆ ಗಂಟೆ ಹಿಡಿಯಿತು. ಫೈಲನ್ನು ಇನ್ನೊಬ್ಬರ ಮೇಜಿನ ಮೇಲಿಟ್ಟು ಹೊರಟೆ. ಆ ಹೊತ್ತಿನಲ್ಲಿ ವಾಪಸು ರೈಲಿಲ್ಲ. ಬಸ್ಸು ಹಿಡಿದೆ. ಯಲಹಂಕದ ಹತ್ತಿರ ರಸ್ತೆ ಅಗೆದಿದ್ದರು, ಬಸ್ಸು ಒಂದು ಗಂಟೆ ಅಲ್ಲಾಡಲಿಲ್ಲ. ರಾಜಾನುಕುಂಟೆಯಲ್ಲಿ ಮತ್ತೆ ನಿಂತಿತು. ಮಧ್ಯೆ ಮುನಿರಾಜುಗೆ ಫೋನ್ ಮಾಡಿ, "ಸಂಜೆ ತನಕ ಇಡಕ್ಕಾಗಲ್ವಾ, ರೈಲು ಬಂದ್ಮೇಲೆ ಎಲ್ಲಾ ಇರ್ತಾರೆ" ಎಂದೆ.

"ಕತ್ಲಾದ್ಮೇಲೆ ಮಣ್ಣು ಮಾಡಂಗಿಲ್ಲ ಕಣೋ. ನಾಳೆಗೆ ಇಟ್ಕೊಳನ ಅಂದ್ರೆ, ಬೆಳಿಗ್ಗೆ ಎಲ್ರೂ ಮತ್ತೆ ಅದೇ ರೈಲಿಗೇ ಅಲ್ವಾ ಹೋಗೋದು?"

ಫೋನ್ ಇಟ್ಟು, ಬಸ್ಸಿನ ಮುಂದಿನ ಬಾಗಿಲಿಗೆ ಹೋಗಿ ನಿಂತೆ.

ನಾನು ಬಸ್ಸಿಳಿದು ಗೇಟಿನ ಹತ್ತಿರ ಬರುವಾಗ ನಾಲ್ಕು ಗಂಟೆ ದಾಟಿತ್ತು. ಗೇಟು ಹಾಕಿತ್ತು. ಬೈಕುಗಳು, ಶಾಲೆಯ ವ್ಯಾನು, ಸಿಮೆಂಟಿನ ಲಾರಿ. ಅವುಗಳ ನಡುವೆ ಡೈರಿಗೆ ಹಿಂಡಿ ಮೂಟೆ ತರುವ ಲಗೇಜ್ ಆಟೊ ನಿಂತಿತ್ತು. ಹಿಂದುಗಡೆ ಬಾಗಿಲು ಬಿಚ್ಚಿತ್ತು. ಹಸಿ ಬಿದಿರಿನ ಎರಡು ತುದಿಗಳು ಹೊರಗೆ ಚಾಚಿಕೊಂಡಿದ್ದವು. ಎರಡಕ್ಕೂ, ಹಿಂದಿನ ಬಂಡಿಯವರಿಗೆ ತಾಗಬಾರದೆಂದು, ಕೆಂಪು ಬಟ್ಟೆ ಕಟ್ಟಿದ್ದರು. ಆ ವಾಸನೆ ನನಗೆ ಅಂಟಿಕೊಂಡದ್ದು ಅಲ್ಲಿ, ಡೀಸೆಲ್ ಹೊಗೆಯ ಜೊತೆ.

ಮುನಿರಾಜು ಬೆಂಕಿಯ ಮಡಕೆ ಮಡಿಲಲ್ಲಿಟ್ಟುಕೊಂಡು ಡ್ರೈವರಿನ ಪಕ್ಕ ಕೂತಿದ್ದ. ಹಿಂದೆ ಅಜ್ಜಿಯ ಕಾಲ ಬಳಿ ನಾಗೇಶ, ತಲೆಯ ಬಳಿ ಮುನಿರಾಜುವಿನ ಭಾವಮೈದುನ. ಮುನಿರಾಜು ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬಂದ್ಯಾ. ಹತ್ಕೋ. ಇಳಿಸೋಕೆ ಒಬ್ಬ ಕಮ್ಮಿ ಇದ್ದ."

ಹತ್ತಿದೆ. ಅಜ್ಜಿಯ ಮುಖಕ್ಕೆ ಅರಿಶಿನ ಹಚ್ಚಿದ್ದರು. ರೈಲು ಹೋಗುವವರೆಗೂ ಅವಳ ಪಕ್ಕ ಕೂತಿದ್ದೆ. ಶಾಲೆಯ ವ್ಯಾನಿನ ಮಕ್ಕಳು ಕಿಟಕಿಯಿಂದ ನೋಡುತ್ತಿದ್ದವು. ದಾರಿಯಲ್ಲಿ ಇಳಿಸಬೇಡಿ ಎಂದಿದ್ದಳು. ಇಳಿಸಿರಲಿಲ್ಲ. ಎತ್ತಿಯೂ ಇರಲಿಲ್ಲ.

ಗೇಟು ತೆಗೆಯಿತು. ದಿಕ್ಕು ತಿರುಗಿಸುವ ಕಲ್ಲಿನ ಹತ್ತಿರ ಆಟೊ ನಿಲ್ಲಲಿಲ್ಲ. ನಿಲ್ಲಿಸು ಎಂದು ಯಾರೂ ಹೇಳಲೂ ಇಲ್ಲ. ಏರಿಯ ಕೆಳಗೆ ಗದ್ದೆಯ ಬದುವಿನವರೆಗೆ ಹೋಗಿ ನಿಂತಿತು. ಗುಣಿಯನ್ನು ಬೆಳಿಗ್ಗೆಯೇ ಜೆಸಿಬಿಯಲ್ಲಿ ತೆಗೆಸಿದ್ದರು, ಒಬ್ಬ ಮುದುಕಿಗೆ ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡದು. ಅಲ್ಲಿಂದ ಗುಣಿಗೆ ಮೂವತ್ತು ಹೆಜ್ಜೆ ಇರಬಹುದು. ನಾಗೇಶ, ಭಾವಮೈದುನ, ಆಟೊ ಡ್ರೈವರು, ನಾನು ಹೆಗಲು ಕೊಟ್ಟೆವು. ನಾಗೇಶ ಎತ್ತರ, ನಾನು ಗಿಡ್ಡ. ಚಟ್ಟ ನನ್ನ ಕಡೆಗೇ ವಾಲಿತು. ಭಾರವೇ ಇರಲಿಲ್ಲ ಅವಳಲ್ಲಿ, ಆದರೂ ವಾಲಿತು. ನಾಗೇಶ ಮೊಣಕಾಲು ಬಗ್ಗಿಸಿಕೊಂಡು, ಕುಂಟುವವನ ಹಾಗೆ ನಡೆದ. ಮೂರು ವರ್ಷ ಜಗಲಿ ಕೊಟ್ಟವಳಿಗೆ ನಾನು ಕೊಟ್ಟದ್ದು ಆ ಮೂವತ್ತು ಹೆಜ್ಜೆ.

ಸಂಜೆ ಅಮ್ಮ ಉಳಿದದ್ದನ್ನು ಹೇಳಿದಳು. ಮಧ್ಯಾಹ್ನದವರೆಗೆ ಕಾದರಂತೆ. ಇಬ್ಬರು ಮುದುಕರು ಎತ್ತಲು ಹೋಗಿ ಆಗದೆ ಬಿಟ್ಟರಂತೆ. "ನಾವು ಹೆಂಗಸ್ರು ಹತ್ತು ಜನ ಇದ್ವಲ್ಲ, ನಾವೇ ಹೊರ್ತೀವಿ ಅಂದ್ವಿ. ಹೆಣ್ಣು ಹೆಗಲಿಗೆ ಹೆಣ ಕೊಡೋದುಂಟಾ ಅಂದ್ರು ಆ ಮುದುಕ್ರು. ಆಟೋಗೆ ಹಾಕಿದ್ರು" ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಮ್ಮ ಬಾಗಿಲ ಮುಂದೆಯೇ ಒಡಿಶಾದ ಹುಡುಗ ಕೆಲಸಕ್ಕೆ ಹೋಗುತ್ತಿದ್ದ. ನಿನಗೆ ಗೊತ್ತಾಗಲಿಲ್ಲವಾ ಎಂದು ಕೇಳಿದೆ. ಹೊಗೆ ನೋಡಿದೆ ಎಂದ. ಆಮೇಲೆ ನೆಲ ನೋಡುತ್ತಾ, ಕಲಿತ ಅಷ್ಟಿಷ್ಟು ಕನ್ನಡದಲ್ಲಿ, "ಲಿಸ್ಟಲ್ಲಿ ನಮ್ದು ಹೆಸ್ರು ಇಲ್ಲ ಅಲ್ವಾ ಸಾರ್" ಎಂದ.

ಹನ್ನೊಂದನೆಯ ದಿನದ ಊಟಕ್ಕೆ ಮಾತ್ರ ಎಲ್ಲರೂ ಬಂದಿದ್ದರು. ಅದು ಭಾನುವಾರ ಬಿತ್ತು, ಪಾಳಿಯಿದ್ದವರೂ ಬಿಡುವು ಮಾಡಿಕೊಂಡಿದ್ದರು. ಪಾಯಸವೂ ಇತ್ತು. ಚಾರ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ಬಡಿಸುವವನು ನನ್ನ ಎಲೆಗೆ ಎರಡು ಸಲ ಬಡಿಸಿದ.

ಆ ವಾರವೇ ಚಾರ್ಟನ್ನು ಕೀಳಲು ಹೋದೆ. ಡೈರಿ ಸೆಕ್ರೆಟರಿ, "ಇರ್ಲಿ ಬಿಡಪ್ಪ, ಗೋಡೆ ಕಿತ್ತೋಯ್ತದೆ" ಎಂದ. ಬಿಟ್ಟುಬಂದೆ. ಈಗಲೂ ಇದೆ. ಬಿಸಿಲಿಗೆ ಹೆಸರುಗಳು ಅಳಿಸಿ, ದಿನಗಳು ಮಾತ್ರ ಉಳಿದಿವೆ. ಅದರ ಕೆಳಗೆ ಯಾರೋ ಮಾರ್ಕರಿನಲ್ಲಿ ಲಗೇಜ್ ಆಟೊದವನ ಫೋನ್ ನಂಬರ್ ಬರೆದಿದ್ದಾರೆ. ಅದು ಅಳಿಸಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಹೋದವರೆಲ್ಲಾ ಅದರಲ್ಲೇ ಹೋಗಿದ್ದಾರೆ. ನಾಗೇಶನ ಅಪ್ಪ ಭಾನುವಾರ ಹೋದ, ಬೀದಿ ತುಂಬಾ ಗಂಡಸರಿದ್ದರು, ಆದರೂ ಆಟೊ ಬಂತು. ಯಾಕೆ ಎಂದು ಯಾರೂ ಕೇಳಲಿಲ್ಲ. ಬಿದಿರಿಗೆ ಮಾತ್ರ ಈಗಲೂ ಸ್ಟೇಷನ್ ರಸ್ತೆಯ ಡಿಪೋಗೇ ಹೋಗುತ್ತಾರೆ.

ಮೊನ್ನೆ ಆ ವಾಸನೆ ಹೊತ್ತುಕೊಂಡು ಹೋದವನು ಸಂಜೆ ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಈಚೆಗೆ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಚಪ್ಪಲಿ ಬಿಡುತ್ತಿದ್ದೆ. ಅವಳು ತಲೆಯೆತ್ತದೆ ಕೇಳಿದಳು.

"ನಿನ್ ರಜಾ ಈಗ್ಲೂ ಬುಧವಾರಾನೇ ಅಲ್ವಾ?"

ಆಸ್ಪತ್ರೆಯಲ್ಲಿ ಹೋದ ತಿಂಗಳಿಂದ ಪದ್ಧತಿ ಬದಲಾಗಿದೆ. ನನ್ನ ರಜೆಗೆ ಈಗ ಇಂಥದ್ದೇ ದಿನ ಎಂದು ಇಲ್ಲ.

"ಹೂಂ ಕಣಮ್ಮ" ಎಂದೆ. "ಬುಧವಾರಾನೇ."

"ಸರಿ" ಎಂದು ಅವಳು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.